ಅಕ್ಕೋರ ಅರ್ಧ ಡಿಗ್ರಿ

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಲಂಡನ್ನಿನ ಅಂಚಿನ ಸಟನ್ನಿನ ಕನ್ನಡಿಗರಲ್ಲಿ ಅರ್ಧ ಜನ "ಅಯ್ಯೋ, ಅವರು ನಮಗೆ ಚೆನ್ನಾಗಿ ಗೊತ್ತು" ಎನ್ನುತ್ತಾರೆ. ಉಳಿದರ್ಧ ಜನ "ನಮ್ಮ ಮಗಳೂ ಅವರ ಹತ್ತಿರವೇ ಕಲಿತದ್ದು, ಆದರೆ ಯಾರಿಗೂ ಹೇಳಬೇಡಿ" ಎನ್ನುತ್ತಾರೆ. ನಾವು ಅವರನ್ನು ಕರೆಯುತ್ತಿದ್ದದ್ದು ಅಕ್ಕೋರು ಎಂದು. ಧಾರವಾಡದ ಕಡೆ ಶಾಲೆಯ ಟೀಚರಮ್ಮನಿಗೆ ಹಾಗೆನ್ನುತ್ತಾರೆ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಲಂಡನ್ನಿನ ಒಂದು ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಜನರ ರಕ್ತ ಪರೀಕ್ಷೆ ಮಾಡಿದವರು. ಆದರೆ ಸಂಜೆ ಮನೆಗೆ ಬಂದು ಊಟದ ಟೇಬಲ್ಲಿನ ಮೇಲಿನ ಬಟ್ಟೆ ಮಡಿಸಿ ಪಕ್ಕಕ್ಕಿಟ್ಟರೆಂದರೆ ಅಲ್ಲೇ ಶಾಲೆ ಶುರುವಾಗುತ್ತಿತ್ತು.

ಸಟನ್ನಿಗೆ ಬರುವ ನಮ್ಮವರು ಇಲ್ಲಿನ ಗಾಳಿ ಚೆನ್ನಾಗಿದೆ ಎಂದು ಬರುವುದಿಲ್ಲ. ಇಲ್ಲಿ ಗ್ರಾಮರ್ ಸ್ಕೂಲುಗಳಿವೆ, ಜಾಣ ಮಕ್ಕಳನ್ನಷ್ಟೇ ಆರಿಸಿಕೊಳ್ಳುವ ಸರಕಾರಿ ಶಾಲೆಗಳು. ಅವುಗಳಿಗೆ ಸೇರಬೇಕಾದರೆ ಮಕ್ಕಳು ಹತ್ತನೆಯ ವಯಸ್ಸಿಗೆ ಒಂದು ಪ್ರವೇಶ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆ ಬರೆಯುವುದು ಮಗು, ನಿದ್ದೆ ಕೆಡುವುದು ಅಪ್ಪ ಅಮ್ಮನದು. ನಾನೂ ಬೆಂಗಳೂರಿನ ಕಂಪನಿ ಕಳಿಸಿತೆಂದು ಬಂದವನು, ಮಗಳ ಪರೀಕ್ಷೆಗಾಗಿ ಸಟನ್ನಿನಲ್ಲೇ ಮನೆ ಹಿಡಿದು, ಆಮೇಲೆ ಇಲ್ಲಿಯವನೇ ಆಗಿಹೋದೆ. ಅಕ್ಕೋರ ಮನೆ ನಮ್ಮ ಮನೆಯಿಂದ ಮೂರನೆಯದು. ನನ್ನ ಮಗಳೂ ಅವರ ಮಗನೂ ಇನ್ನೆರಡು ಮಕ್ಕಳೂ ಆ ಟೇಬಲ್ಲಿನ ಸುತ್ತ ಕೂತು, ಅಡುಗೆಮನೆಯ ಟೈಮರ್ ಕಿರುಚುವ ತನಕ ಬರೆದು ಬರೆದು ಬೆಳೆದವರು.

ಅಕ್ಕೋರ ಕೈಯಲ್ಲಿ ಸದಾ ಒಂದು ಹಸಿರು ಪೆನ್ನು. "ಕೆಂಪಂದ್ರ ಮಕ್ಕಳು ಅಂಜತಾವ" ಎನ್ನುತ್ತಿದ್ದರು. ಹಸಿರು ಪೆನ್ನಿಗೇ ಮಕ್ಕಳು ಅಂಜುತ್ತಿದ್ದವು ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವರ ವಿಧಾನ ಸರಳವಾಗಿತ್ತು. ಮೊದಲು ಕೆಳಗಿರುವ ಐದು ಉತ್ತರ ಓದು, ನಾಲ್ಕನ್ನು ಹೊಡೆದುಹಾಕು, ಉಳಿದದ್ದಕ್ಕೆ ಗುರುತು ಹಾಕಿ ಮುಂದೆ ಹೋಗು. ಪ್ರಶ್ನೆಯನ್ನು ಓದಿ ತಲೆ ಕೆಡಿಸಿಕೊಳ್ಳುವುದು ದಡ್ಡರ ಲಕ್ಷಣ. "ಉತ್ತರ ಇಲ್ಲದ್ದು ಪ್ರಶ್ನಿ ಅಲ್ಲ್ರಿ, ಅದು ಬರೇ ಕಂಪ್ಲೇಂಟು" ಎಂದು ನನಗೊಮ್ಮೆ ಹೇಳಿದ್ದರು. ಈ ವಿಧಾನದಿಂದ ಹದಿನಾರು ಮಕ್ಕಳು ಗ್ರಾಮರ್ ಸ್ಕೂಲು ಸೇರಿದರು.

ಅವರ ಮಗನೂ ಸೇರಿದ, ಚೆನ್ನಾಗಿಯೇ ಓದಿದ. ಹದಿನೆಂಟಕ್ಕೆ ವಿಶ್ವವಿದ್ಯಾಲಯದಿಂದ ಪ್ರವೇಶದ ಪತ್ರ ಬಂತು. ಮರುದಿನ ಬೆಳಿಗ್ಗೆ ರೈಲಿನಲ್ಲಿ ಅಕ್ಕೋರು ನನ್ನ ಪಕ್ಕ ಕೂತು ಫೋನಿನಲ್ಲಿ ಆ ಪತ್ರ ತೋರಿಸಿದರು. ಸಟನ್ನಿನಿಂದ ಲಂಡನ್ನಿಗೆ ಹೋಗುವ ಏಳೂ ನಲವತ್ತರ ಗಾಡಿ ನಮ್ಮಿಬ್ಬರದೂ.

"ಗಣಿತ ಅಂತ ಅದ ನೋಡ್ರಿ. ಅಲ್ಲಿತನಕ ಬರೋಬ್ಬರಿ ಅದ. ಮುಂದ ಓದ್ರಿ."

ಮುಂದೆ ಓದಿದೆ. 'ಮತ್ತು ತತ್ವಶಾಸ್ತ್ರ' ಎಂದಿತ್ತು. ಒಂದೇ ಡಿಗ್ರಿ, ವಿಷಯ ಎರಡು, ಅರ್ಧ ಅದು ಅರ್ಧ ಇದು. ಅಮ್ಮನಿಗೆ ಹೇಳದೆ ಹುಡುಗ ಅರ್ಜಿ ಹಾಕಿದ್ದ. ಅವನು ಗಾಂಜಾ ಸೇದಿದ್ದಾನೆಂದು ಗೊತ್ತಾಗಿದ್ದರೂ ಅಕ್ಕೋರು ಇಷ್ಟು ಕುಗ್ಗುತ್ತಿದ್ದರೋ ಇಲ್ಲವೋ.

ಭಾನುವಾರ ನನ್ನನ್ನು ಊಟಕ್ಕೆ ಕರೆದರು. ಊಟವೆಂಬುದು ನೆಪ, ಹುಡುಗನಿಗೆ ಬುದ್ಧಿ ಹೇಳಬೇಕಾಗಿತ್ತು. ನಾನು ಮೈಸೂರಿನವನು, ಕನ್ನಡಕ ಹಾಕುತ್ತೇನೆ, ನಿಧಾನವಾಗಿ ಮಾತಾಡುತ್ತೇನೆ. ನಮ್ಮ ಬಳಗದಲ್ಲಿ ಹಿರಿಯನಾಗಲು ಅಷ್ಟು ಸಾಕಿತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲ ಬಡಿಸಿ ಅಕ್ಕೋರು ತಮ್ಮ ಕಾರಣಗಳನ್ನು ನನ್ನ ಬಾಯಿಗೂ ಬಡಿಸಿದರು. ಗಣಿತವನ್ನೇ ಪೂರ್ತಿ ಓದಿದರೆ ಬ್ಯಾಂಕಿನವರು ಕರೆದು ಕೆಲಸ ಕೊಡುತ್ತಾರೆ. ಎರಡು ಓದಿದವನನ್ನು ಎರಡು ಕಡೆಯವರೂ ಅರ್ಧ ಓದಿದವನು ಎನ್ನುತ್ತಾರೆ. ಮೇಲಾಗಿ ಉತ್ತರವಿಲ್ಲದ ವಿಷಯಕ್ಕೆ ಯೌವನದ ಮೂರು ವರ್ಷ ಕೊಡುವುದು ಯಾವ ಲೆಕ್ಕ?

ನಾನು ಗಂಟಲು ಸರಿಮಾಡಿಕೊಂಡು ಹುಡುಗನಿಗೆ, "ತತ್ವಶಾಸ್ತ್ರ ಓದಿ ಮುಂದೆ ಏನು ಕೆಲಸ ಮಾಡ್ತೀಯಪ್ಪ?" ಎಂದೆ.

ಅವನಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತೀರ ವಿನಯದಿಂದಲೇ, "ಅಂಕಲ್, ನೀವು ಏನು ಕೆಲಸ ಮಾಡುತ್ತೀರಿ ಎಂದು ಒಂದು ವಾಕ್ಯದಲ್ಲಿ ಹೇಳುತ್ತೀರಾ?" ಎಂದು ಕೇಳಿದ. ನಾನು ಪ್ರೋಗ್ರಾಂ ಮ್ಯಾನೇಜರ್. ನಾಲ್ಕು ವಾಕ್ಯದಲ್ಲಿ ಹೇಳಿದೆ. ಐದನೆಯದಕ್ಕೆ ಬರುವಷ್ಟರಲ್ಲಿ ನನಗೇ ಅನುಮಾನ ಬಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಹುಡುಗ ಗೆದ್ದ, ಎರಡೂ ವಿಷಯಕ್ಕೆ ಸೇರಿದ. ಮನೆಯಿಂದಲೇ ಕಾಲೇಜಿಗೆ ಓಡಾಡತೊಡಗಿದ.

ಆ ವರ್ಷದ ದೀಪಾವಳಿಗೆ ನಮ್ಮ ಸಂಘದವರು ಬಾಡಿಗೆಗೆ ಹಿಡಿದ ಶಾಲೆಯ ಹಾಲಿನಲ್ಲಿ ಎಲ್ಲರೂ ಸೇರಿದ್ದೆವು. ಅಲ್ಲಿ ಬಂದವರು ಮೊದಲು ಕೇಳುವುದು "ಊಟ ಆಯ್ತಾ" ಎಂದಲ್ಲ, "ಮಗ ಏನು ಓದ್ತಿದ್ದಾನೆ" ಎಂದು. ಮಗ ಮೆಡಿಸಿನ್ ಓದುತ್ತಿದ್ದಾನೆಂದು ಮುಖ ನೋಡಿಯೇ ಹೇಳಬಹುದಾಗಿದ್ದ ಬೆಂಗಳೂರಿನ ಒಬ್ಬ ಮಹಿಳೆ ಅಕ್ಕೋರನ್ನೂ ಕೇಳಿದರು. ಅಕ್ಕೋರು "ಮ್ಯಾಥ್ಸ್" ಎಂದು ಹೇಳಿ ಬಾಯಿಗೆ ಕರದಂಟು ಹಾಕಿಕೊಂಡರು. ಕರದಂಟು ಅಗಿಯಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಆ ಮಹಿಳೆ ಬೇರೆಯವರ ಕಡೆ ತಿರುಗಿದ್ದರು.

ಅಕ್ಕೋರು ಬದಲಾದದ್ದು ಅವರೇ ಮಾಡಿದ ಒಂದು ತಪ್ಪಿನಿಂದ. ಆ ತಪ್ಪನ್ನು ನಮ್ಮವರು ಬಿಟ್ಟರೆ ಬೇರೆ ಯಾರೂ ಮಾಡಲಾರರು.

ಮಗ ಚಿಕ್ಕವನಿದ್ದಾಗಿನಿಂದಲೂ ಅವನು ಬರೆದದ್ದೆಲ್ಲ ಶಾಲೆಗೆ ಹೋಗುವ ಮುಂಚೆ ಅಕ್ಕೋರ ಕಣ್ಣ ಕೆಳಗೆ ಹಾದು ಹೋಗಬೇಕಾಗಿತ್ತು. ತತ್ವಶಾಸ್ತ್ರದ ಮೊದಲ ಪ್ರಬಂಧವನ್ನೂ ಅವನು ಅಭ್ಯಾಸಬಲದಿಂದ ಅಮ್ಮನಿಗೆ ಕಳಿಸಿ ಮಲಗಿದ. ವಿಷಯ: ಸತ್ಯದ ಒಂದು ಭಾಗವನ್ನು ಮಾತ್ರ ಹೇಳಿದರೆ ಅದು ಸುಳ್ಳಾಗುತ್ತದೆಯೇ? ಅಕ್ಕೋರು ಓದಿದರು. ಮಗ ತುಂಬ 'ಬಹುಶಃ'ಗಳನ್ನು ಹಾಕಿದ್ದ. ಅವನ್ನೆಲ್ಲ ತೆಗೆದರು. ನಡುವೆ ಒಂದೂವರೆ ಪುಟದಲ್ಲಿ, ತಾನು ಮೊದಲು ಹೇಳಿದ್ದು ಏಕೆ ತಪ್ಪಿರಬಹುದು ಎಂದು ಅವನೇ ವಾದ ಮಾಡಿದ್ದ.

"ತನ್ನ ಕಾಲಮ್ಯಾಲೆ ತಾನ ಕಲ್ಲು ಹಾಕ್ಕೊಂಡಿದ್ದ್ರಿ" ಎಂದು ಆಮೇಲೆ ನನಗೆ ಹೇಳಿದರು. "ನಿದ್ದಿಗಣ್ಣಾಗ ಬರದಾನ ಅಂತ ತಿಳ್ಕೊಂಡೆ. ಆ ಒಂದೂವರಿ ಪುಟ ಪೂರಾ ತೆಗದುಬಿಟ್ಟೆ. ಎಷ್ಟು ಸ್ವಚ್ಛ ಆಗಿತ್ತು ಗೊತ್ತದೇನು."

ಹುಡುಗ ಬೆಳಿಗ್ಗೆ ಎದ್ದವನೇ ಅಮ್ಮ ತಿದ್ದಿದ್ದನ್ನು ನೋಡದೆ ಸಲ್ಲಿಸಿದ. ಅಂಕ ಬಂತು. ಪಾಸಾಗುವುದಕ್ಕಿಂತ ಒಂದು ಕೂದಲೆಳೆಯಷ್ಟು ಮೇಲೆ. ಕೆಳಗೆ ಒಂದು ಸಾಲಿತ್ತು: ಈ ಲೇಖಕರು ತಮ್ಮ ಮಾತಿಗೆ ಬರಬಹುದಾದ ಆಕ್ಷೇಪಗಳನ್ನು ಯೋಚಿಸಿಯೇ ಇಲ್ಲ, ಅತಿಯಾದ ಖಚಿತತೆಯಿಂದ ಬರೆದಿದ್ದಾರೆ. ಆ ಮನೆಗೆ ಅಂಥ ಅಂಕ ಹಿಂದೆಂದೂ ಕಾಲಿಟ್ಟಿರಲಿಲ್ಲ.

ಹುಡುಗ ಕೂಗಾಡಲಿಲ್ಲ. ಕೂಗಾಡಿದ್ದರೆ ಅಕ್ಕೋರು ತಿರುಗಿ ಕೂಗಾಡಿ ವಿಷಯ ಮುಗಿಯುತ್ತಿತ್ತು. ಅವನು ತಾನು ಮೊದಲು ಬರೆದಿದ್ದ ಆ ಒಂದೂವರೆ ಪುಟವನ್ನು ಮತ್ತೆ ತೆಗೆದು ಅಮ್ಮನಿಗೆ ನಿಧಾನವಾಗಿ ಓದಿ ಹೇಳಿದ. ಆಮೇಲೆ, "ಇದರಲ್ಲಿ ತಪ್ಪು ಯಾವುದಮ್ಮ? ನೀನು ಏನು ಹೇಳುತ್ತೀ?" ಎಂದು ಕೇಳಿದ. ಅಕ್ಕೋರು ಆ ರಾತ್ರಿಯಿಡೀ ಯೋಚಿಸಿದರೂ ತಪ್ಪು ಸಿಗಲಿಲ್ಲ. ಮರುದಿನ ಅವನ ಪುಸ್ತಕಗಳ ಪಟ್ಟಿ ಕೇಳಿ ಇಸಕೊಂಡರು.

ಅಲ್ಲಿಂದ ಏಳೂ ನಲವತ್ತರ ಗಾಡಿಯಲ್ಲಿ ನನ್ನ ಸುಖ ಹೋಯಿತು. ನಾನು ಕಿವಿಗೆ ಹಾಡು ಹಾಕಿಕೊಂಡು ಕಣ್ಣು ಮುಚ್ಚಿದರೆ ಮೊಣಕೈಯಿಂದ ತಿವಿಯುತ್ತಿದ್ದರು. "ಇದನ್ನ ಕೇಳ್ರಿ. ಒಂದು ದೋಣಿ ಅದ. ಒಂದೊಂದ ಹಲಗಿ ಬದಲಿ ಮಾಡಿ, ಕಡೀಕ ಎಲ್ಲಾ ಹಲಗಿ ಬದಲಿ ಆತು. ಅದು ಮೊದಲಿನ ದೋಣೀನ ಏನು?" ನಾನು ಹೌದು ಎಂದೆ. "ಹಂಗಾದರ ತೆಗದ ಹಳೇ ಹಲಗಿಗೋಳ್ನ ಜೋಡಿಸಿ ಇನ್ನೊಬ್ಬಂವ ದೋಣಿ ಮಾಡಿದರ?" ನಾನು ಅದೂ ಹೌದು ಎಂದೆ. ಅಕ್ಕೋರು ನನ್ನನ್ನು ನೋಡಿದ ರೀತಿಗೆ ಎದುರು ಸೀಟಿನ ಇಂಗ್ಲಿಷ್ ಮುದುಕ ಕೂಡ ಪೇಪರು ಕೆಳಗಿಳಿಸಿದ.

ಮೊದಮೊದಲು ಅವರು ಓದಿದ್ದು ಗ್ರಾಮರ್ ಸ್ಕೂಲಿನ ಪದ್ಧತಿಯಲ್ಲೇ. ಪ್ರತಿ ಅಧ್ಯಾಯದ ಕೊನೆಗೆ ಹಸಿರು ಪೆನ್ನಿನಲ್ಲಿ 'ಉತ್ತರ?' ಎಂದು ಬರೆದು ಪುಟ ತಿರುವುತ್ತಿದ್ದರು. ಪುಸ್ತಕ ಮುಗಿದರೂ ಉತ್ತರ ಸಿಗದಿದ್ದಾಗ ಬರೆದವನ ಮೇಲೆ ಸಿಟ್ಟಾಗುತ್ತಿದ್ದರು. "ಅಡ್ಡಗ್ವಾಡಿ ಮ್ಯಾಲೆ ದೀಪ ಇಟ್ಟಾನ್ರಿ ಇಂವ. ನಮ್ಮ ಲ್ಯಾಬಿನ್ಯಾಗ ಹಿಂಗ ರಿಪೋರ್ಟ್ ಬರದರ ಪೇಶಂಟ್ ಸಾಯತಾನ." ಆದರೆ ಒಂದು ದಿನ ಪುಸ್ತಕ ಮುಚ್ಚಿ ತಂದೆಯ ಮಾತೆತ್ತಿದರು. ಅವರ ತಂದೆ ಧಾರವಾಡದಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತರಾಗಿದ್ದರಂತೆ.

"ಅಪ್ಪ ಅಂತಿದ್ದರು, ಎದುರಿನವರ ಕಾಗದ ಮೊದಲ ಓದಬೇಕು, ಅವರ ಮಾತು ಅವರಕಿಂತ ಚಲೋ ಹೇಳಲಿಕ್ಕೆ ಬರಬೇಕು, ಆಮ್ಯಾಲೆ ನಮ್ಮದು ಹೇಳಬೇಕು ಅಂತ. ಮನ್ಯಾಗ ಇದ್ದ ವಿದ್ಯಾ ಇದು. ಇಲ್ಲಿಗೆ ಬಂದು ಬರೇ ಟಿಕ್ ಹಾಕಿಕೋತ ಕುಂತೆ."

ಅವತ್ತಿನಿಂದ ಅಕ್ಕೋರು ಎಲ್ಲರ ಪಾಲಿಗೂ ಒಂದು ಪಿಡುಗಾದರು. ಸಂಘದ ಸಭೆಯಲ್ಲಿ ಹಬ್ಬದ ಊಟಕ್ಕೆ ಪೂರಿಯೋ ಚಪಾತಿಯೋ ಎಂಬ ಚರ್ಚೆ ನಡೆದಾಗ, ತಾವು ಚಪಾತಿ ಪಕ್ಷದವರಾದರೂ ಮೊದಲು ಪೂರಿಯ ಪರವಾಗಿ ಮಾತಾಡಿದರು. ಸಭೆ ಪೂರಿಗೆ ಒಪ್ಪಿತು. ಆಮೇಲೆ ಚಪಾತಿಯ ಪರವಾಗಿ ಮಾತಾಡಿದರು. ಸಭೆ ಚಪಾತಿಗೆ ಒಪ್ಪಿತು. ಅಧ್ಯಕ್ಷರು ತಲೆ ಮೇಲೆ ಕೈ ಹೊತ್ತು ಕೊನೆಗೆ ಅನ್ನ ಸಾರು ಸಾಕು ಎಂದರು. ಮನೆಯ ಟೇಬಲ್ಲಿನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳಿಗೆ "ಈ ಐದರಾಗ ಎರಡು ಉತ್ತರಾನೂ ಸರಿ ಇರಬಹುದು, ಯಾಕಂತ ಹೇಳು ನೋಡೋಣ" ಎಂದುಬಿಟ್ಟರು. ವಾರದೊಳಗೆ ಮೂವರು ತಾಯಂದಿರು ಮಕ್ಕಳನ್ನು ಬಿಡಿಸಿದರು.

ಮುಂದಿನ ದೀಪಾವಳಿಯಲ್ಲಿ ಅದೇ ಬೆಂಗಳೂರಿನ ಮಹಿಳೆಯನ್ನು ಹುಡುಕಿಕೊಂಡು ಹೋದರು. ನಾನು ಪಕ್ಕದಲ್ಲೇ ಇದ್ದೆ.

"ಹ್ವಾದ ವರ್ಷ ನೀವು ಕೇಳಿದಾಗ ನಾ ಅರ್ಧ ಹೇಳಿದ್ದೆ. ನನ್ನ ಮಗ ಮ್ಯಾಥ್ಸ್ ಮತ್ತ ಫಿಲಾಸಫಿ ಎರಡೂ ಓದಲಿಕತ್ತಾನ. ನಾ ಹೇಳಿದ್ದು ಸುಳ್ಳು ಆಗತದೋ ಇಲ್ಲೋ ಅಂತ ಇನ್ನೂ ನಿರ್ಧಾರ ಆಗಿಲ್ಲ."

ಆ ಮಹಿಳೆ ಅತ್ತ ಇತ್ತ ನೋಡಿ, ಅಕ್ಕೋರ ಕೈ ಹಿಡಿದು, ಮೆಲ್ಲಗೆ "ಪರವಾಗಿಲ್ಲ ಬಿಡಿ. ನಾನು ಯಾರಿಗೂ ಹೇಳಲ್ಲ" ಎಂದರು.

ಮನೆಯಲ್ಲಿ ದಿನವೂ ರಾತ್ರಿ ಊಟದ ಹೊತ್ತಿಗೆ ತಾಯಿ ಮಗನ ಚರ್ಚೆ. ಅವನು ಇಂಗ್ಲಿಷಿನಲ್ಲಿ, ಇವರು ಧಾರವಾಡದ ಕನ್ನಡದಲ್ಲಿ. ಅಕ್ಕೋರ ಯಜಮಾನರು ಮಿತಭಾಷಿ. ಟೀವಿಯ ಸದ್ದು ಕೇಳದೆ ಟೀವಿಯನ್ನೇ ಮಹಡಿಯ ಕೋಣೆಗೆ ಸಾಗಿಸಿದರು. ಒಮ್ಮೆ ಬೇಲಿಯ ಹತ್ತಿರ ಸಿಕ್ಕಾಗ ನನ್ನ ಹತ್ತಿರ ಹೇಳಿಕೊಂಡರು, "ಮೊದಲ ನಮ್ಮ ಮನ್ಯಾಗ ಶಾಂತಿ ಇತ್ರಿ. ಯಾರೂ ಮಾತಾಡತಿದ್ದಿಲ್ಲ."

ನಾನು ನಕ್ಕೆ. ಆದರೆ ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚು. ನನ್ನ ಮಗಳು ಅಷ್ಟು ಹೊತ್ತಿಗೆ ನನ್ನೊಡನೆ ಆಡುತ್ತಿದ್ದದ್ದು ಎರಡೇ ಮಾತು, 'ಫೈನ್' ಮತ್ತು 'ವೈಫೈ ಇಲ್ಲ'.

ಎರಡನೆಯ ವರ್ಷ ಮುಗಿಯುತ್ತ ಬಂದಾಗ ಅಕ್ಕೋರ ಫೋನು ಬಂತು. ಹುಡುಗ ತತ್ವಶಾಸ್ತ್ರ ಬಿಡುತ್ತಾನಂತೆ. ಕೊನೆಯ ವರ್ಷ ಬರೀ ಗಣಿತ ಓದುವುದಕ್ಕೆ ಅವಕಾಶವಿದೆ, ಫಾರ್ಮ್ ತುಂಬಿ ಕಳಿಸಿದರೆ ಸಾಕು. ಒಂದು ಬ್ಯಾಂಕಿನಲ್ಲಿ ಬೇಸಿಗೆಯ ತರಬೇತಿ ಸಿಕ್ಕಿದೆ.

"ಭಾನುವಾರ ಊಟಕ್ಕ ಬರ್ರಿ. ಬಿಡಬ್ಯಾಡ ಅಂತ ಅಂವಗ ಹೇಳಬೇಕು."

"ಹೋದ ಸಲ ಬಿಡು ಅಂತ ಹೇಳೋಕೆ ಕರೆದಿದ್ರಿ ಅಕ್ಕೋರೇ."

"ಹ್ವಾದ ಸಲ ನಿಮ್ಮ ಮಾತು ಅಂವ ಕೇಳಲಿಲ್ಲ. ಈ ಸಲಾನೂ ಕೇಳೂದಿಲ್ಲ. ಆದರ ಹೊರಗಿನವರು ಒಬ್ಬರು ಎದುರಿಗೆ ಇರಬೇಕು. ಇಲ್ಲಾಂದರ ನಾ ಅತ್ತುಬಿಡತೀನಿ."

ಹೋದೆ. ಮತ್ತೆ ಅದೇ ರೊಟ್ಟಿ, ಅದೇ ಎಣ್ಣೆಗಾಯಿ. ತಟ್ಟೆಯ ಪಕ್ಕದಲ್ಲಿ ಹುಡುಗನ ಲ್ಯಾಪ್‌ಟಾಪು ತೆರೆದಿತ್ತು, ಅದರಲ್ಲಿ ಆ ಫಾರ್ಮು. ಅವನು ಸೋತುಹೋದವನಂತೆ ಕಂಡ. ತನ್ನ ಕಾರಣಗಳನ್ನು ಹೇಳತೊಡಗಿದ. ಬ್ಯಾಂಕಿನವರಿಗೆ ಪೂರ್ತಿ ಗಣಿತ ಬೇಕು, ಎರಡು ಓದಿದರೆ ಎರಡೂ ಅರ್ಧ. ಎರಡು ವರ್ಷದ ಹಿಂದೆ ಅಕ್ಕೋರು ನನ್ನ ಬಾಯಿಗೆ ಬಡಿಸಿದ್ದ ಮಾತುಗಳೇ. ಆದರೆ ಅವನು ತಡವರಿಸುತ್ತಿದ್ದ, ಹೇಳಿದ್ದನ್ನೇ ಹೇಳುತ್ತಿದ್ದ, ಅಮ್ಮನ ಮುಖ ನೋಡುತ್ತಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕೋರು ಕೈ ಅಡ್ಡ ಮಾಡಿದರು.

"ತಡಿ ತಮ್ಮಾ. ಹಿಂಗ ಹೇಳಿದರ ನಿನ್ನ ಪಕ್ಷ ನಿಂದರೂದಿಲ್ಲ. ಮೊದಲ ನಿನ್ನದು ನಾ ಸರಿಯಾಗಿ ಹೇಳತೀನಿ."

ಹೇಳಿದರು. ಹುಡುಗ ಹೇಳಲಾಗದೆ ನುಂಗಿಕೊಂಡಿದ್ದನ್ನೆಲ್ಲ ಒಂದೊಂದಾಗಿ ಎತ್ತಿ ಟೇಬಲ್ಲಿನ ಮೇಲಿಟ್ಟರು. ಅವನಿಗೆ ಈ ವಿಷಯದ ಮೇಲೆ ಮೊದಲಿದ್ದ ಆಸೆ ಈಗ ಇಲ್ಲ. ಇಲ್ಲದಿದ್ದರೂ ಹಟಕ್ಕೆ ಸೇರಿದವನು ಬಿಡುವುದು ಹೇಗೆಂದು ನಾಚಿಕೆ. ಗಣಿತ ಅವನಿಗೆ ನಿಜವಾಗಿಯೂ ಇಷ್ಟ. ಒಂದನ್ನು ಆರಿಸಿಕೊಂಡರೆ ಇನ್ನೊಂದನ್ನು ಅವಮಾನ ಮಾಡಿದ ಹಾಗಲ್ಲ. ತನ್ನ ಬದುಕಿನ ಬಗ್ಗೆ ಮನಸ್ಸು ಬದಲಾಯಿಸುವ ಹಕ್ಕು ಇಪ್ಪತ್ತು ವರ್ಷದವನಿಗೆ ಇಲ್ಲದಿದ್ದರೆ ಇನ್ಯಾರಿಗಿದೆ? ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಡಿಮೆಯಿಲ್ಲ. ತಣ್ಣಗಾದ ರೊಟ್ಟಿ ಕೈಯಲ್ಲಿ ಹಿಡಿದು ನಾನು ತಲೆದೂಗುತ್ತ ಕೂತಿದ್ದೆ.

ಹುಡುಗನ ಮುಖ ಅರಳಿತು. "ಸರಿಯಾಗಿ ಇದೇ ಅಮ್ಮ. ಇದನ್ನೇ ನಾನು ಹೇಳಬೇಕಾಗಿದ್ದದ್ದು. ನೀನು ಜಗಳ ಆಡುತ್ತೀ ಎಂದುಕೊಂಡಿದ್ದೆ" ಎಂದು ಎದ್ದು ಅಮ್ಮನ ನೆತ್ತಿಗೆ ಮುತ್ತು ಕೊಟ್ಟು, ಲ್ಯಾಪ್‌ಟಾಪು ಎತ್ತಿಕೊಂಡು ಮಹಡಿ ಹತ್ತಿದ. ಐದು ನಿಮಿಷಕ್ಕೆ ಮೇಲಿನಿಂದ "ಡನ್" ಎಂದು ಕೂಗಿದ್ದು ಕೇಳಿತು. ಅಕ್ಕೋರು ಎದ್ದು ನನ್ನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದರು.

ಮರುದಿನ ಪ್ಲಾಟ್‌ಫಾರ್ಮಿನಲ್ಲಿ ಗಾಡಿಗೆ ಕಾಯುತ್ತ ನಿಂತಾಗ ತಾವಾಗಿಯೇ ಮಾತೆತ್ತಿದರು. "ನನ್ನ ಪಕ್ಷ ಹೇಳೂದು ಉಳದ ಬಿಡ್ತ್ರಿ. ಅಂವ ಕಾಯಲಿಲ್ಲ."

"ಏನು ಹೇಳೋವ್ರಿದ್ರಿ?"

"ಅದರಾಗ ವಾದ ಏನಿರಲಿಲ್ಲ. ಹತ್ತು ವರ್ಷ ಆ ಟೇಬಲ್ಲಿನ್ಯಾಗ ನಾ ಕೇಳತಿದ್ದೆ, ಅಂವ ಉತ್ತರ ಹೇಳತಿದ್ದ. ಈ ಎರಡು ವರ್ಷ ಅಷ್ಟ ಅಂವ ನನಗ ಕೇಳಿದ. ನೀ ಏನಂತಿ ಅಮ್ಮಾ ಅಂತ. ಇನ್ನೊಂದು ವರ್ಷ ಬೇಕಾಗಿತ್ತು ನನಗ."

"ಈಗಲೂ ಹೇಳಬಹುದಲ್ಲ."

"ಫಾರ್ಮ್ ಹೋಗಿ ಮುಟ್ಟ್ಯದ. ಈಗ ಹೇಳಿದರ ಅಂವಗ ಭಾರ ಹೊರಸಿದಂಗ." ಗಾಡಿ ಬಂತು, ಹತ್ತಿದೆವು. ಅವತ್ತು ಅವರು ಪುಸ್ತಕ ತೆಗೆಯಲಿಲ್ಲ, ನನ್ನನ್ನೂ ತಿವಿಯಲಿಲ್ಲ. ತಿವಿಯಬಾರದೇ ಅನ್ನಿಸಿತು ನನಗೆ.

ಸಂಘದವರು ಸಂಭ್ರಮಪಟ್ಟರು. ಹುಡುಗ ಕೊನೆಗೂ ದಾರಿಗೆ ಬಂದ, ತಾಯಿಯ ಪೂಜೆ ಫಲಿಸಿತು ಎಂದರು. ಮೂವರು ತಾಯಂದಿರಲ್ಲಿ ಇಬ್ಬರು ಮಕ್ಕಳನ್ನು ವಾಪಸ್ಸು ತಂದು ಬಿಟ್ಟರು. ಟೀವಿ ಕೆಳಗಿಳಿಯಿತು. ಮೂರನೆಯ ವರ್ಷದ ಪುಸ್ತಕಗಳ ಪಟ್ಟಿಯನ್ನು ಹುಡುಕಿ ಕೊಡುತ್ತೇನೆ ಎಂದು ನಾನು ಹೇಳಿದೆ. "ಒಬ್ಬಾಕಿನ ಓದಿದರ ಎದುರು ಪಕ್ಷ ಯಾರು ಹೇಳತಾರ?" ಎಂದರು. ನಾನಿದ್ದೇನಲ್ಲ ಎಂದೆ. ಅವರು ಕನಿಕರದಿಂದ, "ನೀವು ಎಲ್ಲಾದಕ್ಕೂ ಹೌದು ಅಂತೀರಿ" ಎಂದರು. ಅದಕ್ಕೂ ನಾನು ಹೌದು ಎಂದೆ.

ಇದೆಲ್ಲ ಆಗಿ ಐದು ವರ್ಷ. ಹುಡುಗ ಬ್ಯಾಂಕಿನಲ್ಲಿದ್ದಾನೆ, ಲಿಫ್ಟ್ ಇರುವ ಫ್ಲ್ಯಾಟಿನಲ್ಲಿದ್ದಾನೆ, ತಿಂಗಳಿಗೆರಡು ಭಾನುವಾರ ಬಂದು 'ಫೈನ್' ಎಂದು ಹೇಳಿ ಹೋಗುತ್ತಾನೆ. ಕಳೆದ ತಿಂಗಳು ಅಕ್ಕೋರು ನಿವೃತ್ತರಾದರು. ಲ್ಯಾಬಿನವರು ಚಹಾ ಕೂಟ ಇಟ್ಟಿದ್ದರು. ಸಮೋಸ, ಕೇಕು, ನಾಲ್ಕು ಬಲೂನು. ಅವರ ಮೇಲಧಿಕಾರಿ ಇಂಗ್ಲಿಷಿನವಳು, ಭಾಷಣ ಮಾಡಿದಳು. ಯಾರಾದರೂ ಒಂದು ರಿಪೋರ್ಟು ತಪ್ಪೆಂದು ತಳ್ಳಿಹಾಕಿದರೆ ಅಕ್ಕೋರು ಅದನ್ನು ಎತ್ತಿಕೊಂಡು ಅದರ ಪರವಾಗಿ ವಾದಿಸುತ್ತಿದ್ದರಂತೆ. ಇದರಿಂದ ಲ್ಯಾಬಿನ ಕೆಲಸ ತುಂಬ ತಡವಾಗುತ್ತಿತ್ತು, ಇಬ್ಬರು ಮೂವರು ರೋಗಿಗಳಿಗೆ ತುಂಬ ಒಳ್ಳೆಯದೂ ಆಯಿತು ಎಂದಳು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು.

ಆಫೀಸಿನಿಂದ ನೇರವಾಗಿ ಬಂದಿದ್ದ ಹುಡುಗ ನನ್ನ ಪಕ್ಕಕ್ಕೆ ಬಂದು ನಿಂತ. ಇಂಗ್ಲಿಷಿನಲ್ಲಿ ಹೇಳಿದ, "ಅಂಕಲ್, ಅವತ್ತು ನೀವೂ ಇದ್ದಿರಿ. ಅಮ್ಮ ನನ್ನ ಕೇಸನ್ನು ನನಗಿಂತ ಚೆನ್ನಾಗಿ ಹೇಳಿದ ಕಥೆಯನ್ನು ಆಫೀಸಿನಲ್ಲಿ ತಮಾಷೆಗೆಂದು ಹೇಳುತ್ತಿರುತ್ತೇನೆ. ಮೊನ್ನೆ ಒಬ್ಬಳು, ಹಾಗಾದರೆ ನಿನ್ನ ಅಮ್ಮನ ಕೇಸ್ ಏನಿತ್ತು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಾ?"

ಅಕ್ಷರ ಅಕ್ಷರವೂ ಗೊತ್ತಿತ್ತು. ನಾಲಿಗೆ ತುದಿಗೆ ಬಂದಿತ್ತು. ಬದುಕಿನಲ್ಲಿ ಯಾರಾದರೂ ನಿಜವಾಗಿಯೂ ಉತ್ತರ ಬೇಕೆಂದು ನನ್ನನ್ನು ಕೇಳಿದ್ದು ಅದೇ ಮೊದಲು.

"ನನ್ನನ್ನ ಯಾಕಪ್ಪ ಕೇಳ್ತೀಯ? ಅಲ್ಲೇ ಇದ್ದಾರಲ್ಲ" ಎಂದೆ.

ಅವನು ಹೋದ. ಅಕ್ಕೋರು ಉಳಿದ ಕೇಕನ್ನು ಕತ್ತರಿಸಿ ಲ್ಯಾಬಿನ ಹುಡುಗಿಯರಿಗೆ ಕಟ್ಟಿಕೊಡುತ್ತಿದ್ದರು. ಅವನು ಬಗ್ಗಿ ಏನೋ ಕೇಳಿದ. ಅವರು ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಅವನ ಮುಖವನ್ನೇ ನೋಡಿದರು.

"ಕುಂದರು" ಎಂದರು. "ಹೊತ್ತು ಹಿಡೀತದ."

ಹುಡುಗ ಒಮ್ಮೆ ಗಡಿಯಾರ ನೋಡಿದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತ.